ಮೇಲಿನವರ ಕಣ್ಣಿಗೆ ಮಾತ್ರ ಕಾಣುವ ನಾಯಕತ್ವ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರೇ,

ತಮ್ಮ ಸಚಿವಾಲಯದ ನಾಗರಿಕ ನೌಕರರು ತಮ್ಮ ವಾರ್ಷಿಕ ಮೌಲ್ಯಮಾಪನ ವರದಿಯನ್ನು ಪೂರ್ತಿ ಓದಬಹುದು. ಯಾರು ಎಷ್ಟು ಅಂಕ ಕೊಟ್ಟರು, ಮೇಲಿನವರು ಅದನ್ನು ಏರಿಸಿದರೇ ಇಳಿಸಿದರೇ ಎಂಬುದೆಲ್ಲ ಅವರಿಗೆ ತಿಳಿಯುತ್ತದೆ. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮನವಿ ಕೊಡಬಹುದು. 2009ರ ಮೇ ತಿಂಗಳ ಆದೇಶ ಕೊಟ್ಟ ಹಕ್ಕು ಇದು. ಇದಕ್ಕೆ ದಾರಿ ಮಾಡಿದ್ದು 2008ರ ದೇವ್ ದತ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. ಆ ಅರ್ಜಿದಾರರು ಗಡಿ ರಸ್ತೆಗಳ ಕಾಮಗಾರಿ ನೋಡಿಕೊಳ್ಳುತ್ತಿದ್ದ ನಾಗರಿಕ ಎಂಜಿನಿಯರ್. ಅದೇ ರಸ್ತೆಯಲ್ಲಿ, ಅದೇ ಕಾಮಗಾರಿಯಲ್ಲಿ ಪಕ್ಕದಲ್ಲೇ ನಿಂತು ದುಡಿಯುವ ಸೇನಾ ಎಂಜಿನಿಯರ್‌ಗೆ ಮಾತ್ರ ಈ ಹಕ್ಕಿಲ್ಲ. ಸೇನಾಧಿಕಾರಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ತೀರ್ಪಿನಲ್ಲೇ ಹೇಳಿದೆ.

ಸೇನೆಯ ಬಡ್ತಿ ಮತ್ತು ಪದಕಗಳ ಬಗ್ಗೆ ಮೆಸ್ಸಿನಲ್ಲಿ, ನಿವೃತ್ತರ ಕೂಟಗಳಲ್ಲಿ ಕೇಳಿಬರುವ ಗೊಣಗಾಟಕ್ಕೆ ಬೇರು ಇರುವುದು ಇಲ್ಲಿ. ಅದು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ. ಆದರೆ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ದೂರಿನಲ್ಲಿ ಹುರುಳಿದೆ ಎಂದು ತಮಗೇ ಅನ್ನಿಸುತ್ತದೆ.

ಭೂಸೇನೆಯಲ್ಲಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟು ಸೇವಾವಧಿಯ ಲೆಕ್ಕದಲ್ಲೇ ಸಿಗುತ್ತದೆ. ಮುಂದಿನದು ಆಯ್ಕೆ. ಕರ್ನಲ್ ಹುದ್ದೆಗೆ ನಂ. 3 ಸೆಲೆಕ್ಷನ್ ಬೋರ್ಡ್, ಬ್ರಿಗೇಡಿಯರ್‌ಗೆ ನಂ. 2, ಮೇಜರ್ ಜನರಲ್‌ಗೆ ನಂ. 1. ಒಬ್ಬರಿಗೆ ಮೂರು ಅವಕಾಶ: ಫ್ರೆಶ್, ಫಸ್ಟ್ ರಿವ್ಯೂ, ಫೈನಲ್ ರಿವ್ಯೂ. ಮೂರರಲ್ಲೂ ಹೆಸರು ಬರದಿದ್ದರೆ ಸೂಪರ್‌ಸೀಡ್, ಅಂದರೆ ಆಯ್ಕೆಯ ಬಡ್ತಿಯ ಬಾಗಿಲು ಮುಚ್ಚಿದಂತೆ. ನಲವತ್ತರ ಆಸುಪಾಸಿನಲ್ಲಿ ಹೀಗಾದವರು 26 ವರ್ಷದ ಸೇವೆಗೆ, ಆಯ್ಕೆಯಿಲ್ಲದೆ ಸೇವಾವಧಿಯ ಲೆಕ್ಕದಲ್ಲಿ ಸಿಗುವ ಟೈಮ್ ಸ್ಕೇಲ್ ಕರ್ನಲ್ ಆಗಿ, 54ರ ವಯಸ್ಸಿನವರೆಗೂ ಅದೇ ಸಮವಸ್ತ್ರದಲ್ಲಿ ದುಡಿಯುತ್ತಾರೆ. ಮೇಲೆ ಹೋದಂತೆ ಹುದ್ದೆ ಕಡಿಮೆಯಾಗುವುದು ಸಹಜ. ಅದಕ್ಕೆ ನಮ್ಮ ತಕರಾರಿಲ್ಲ. ಬೋರ್ಡಿನ ಮೇಲೂ ಅಷ್ಟಾಗಿ ಇಲ್ಲ. ಅಭ್ಯರ್ಥಿಯ ಹೆಸರು ಮರೆಮಾಡಿ ಕಡತ ಇಡುವ ಪದ್ಧತಿ ಒಳ್ಳೆಯದೇ. ತಕರಾರು ಇರುವುದು ಆ ಕಡತ ತುಂಬಿಕೊಳ್ಳುವ ಬಗೆಯ ಮೇಲೆ.

ಕಡತದ ಜೀವಾಳ ಗೋಪ್ಯ ವರದಿ, ಅಂದರೆ ಸಿ.ಆರ್. ಅದನ್ನು ಬರೆಯುವವರು ಮೂವರು: ನೇರ ಮೇಲಧಿಕಾರಿ, ಅವರ ಮೇಲಿನವರು, ಅವರಿಗೂ ಮೇಲಿನವರು. ಅಂಕ 1ರಿಂದ 9. ನೇರ ಮೇಲಧಿಕಾರಿ ಬರೆದದ್ದರಲ್ಲಿ ಒಂದು ಭಾಗವನ್ನು ಅಧಿಕಾರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮೇಲಿನ ಇಬ್ಬರು ಕೊಟ್ಟ ಅಂಕ ಅವರ ಕಣ್ಣಿಗೆ ಬೀಳುವುದಿಲ್ಲ. ಈ ಮೂರನೆಯವರು ಅಧಿಕಾರಿಯನ್ನು ವರ್ಷದಲ್ಲಿ ಎಷ್ಟು ಸಲ ನೋಡಿರುತ್ತಾರೆ? ಒಂದು ವಾರ್ಷಿಕ ತಪಾಸಣೆ, ಒಂದೆರಡು ಸಮಾವೇಶ, ಒಂದು ಊಟ. ಅಷ್ಟರಲ್ಲೇ ಅಂಕ ಬೀಳುತ್ತದೆ.

ಪುಸ್ತಕದ ಪ್ರಕಾರ 9 ಎಂದರೆ ಅಸಾಧಾರಣ, 8 ಮತ್ತು 7 ಎಂದರೆ ಸರಾಸರಿಗಿಂತ ಮೇಲು. ಬೋರ್ಡಿನ ಮುಂದೆ 7 ಬಂದರೆ ಕಥೆ ಮುಗಿಯಿತು. ಸುತ್ತಲಿನವರೆಲ್ಲ ಧಾರಾಳವಾಗಿ 9 ಹಂಚುತ್ತಿರುವಾಗ ಪ್ರಾಮಾಣಿಕವಾಗಿ 8 ಕೊಟ್ಟ ಕಟ್ಟುನಿಟ್ಟಿನ ಅಧಿಕಾರಿ ತನ್ನ ಕೈಕೆಳಗಿನ ಒಳ್ಳೆಯ ಹುಡುಗರನ್ನೇ ಮುಳುಗಿಸಿದಂತಾಗುತ್ತದೆ. ಹಾಗಾಗಿ ಮುಂದಿನ ವರ್ಷ ಅವರೂ 9 ಕೊಡುತ್ತಾರೆ. ಕೊನೆಗೆ ಇಡೀ ಬ್ಯಾಚ್ 8ಕ್ಕೂ 9ಕ್ಕೂ ನಡುವೆ ಕಿಕ್ಕಿರಿದು ನಿಲ್ಲುತ್ತದೆ, ಆಯ್ಕೆ ದಶಾಂಶದ ಮೇಲೆ ನಡೆಯುತ್ತದೆ. ಹದಿನೈದು ವರ್ಷದ ಸೇವೆಯಲ್ಲಿ ಒಬ್ಬರ ಜೊತೆ ಹೊಂದಿಕೆಯಾಗದೆ ಹೋದ ಒಂದೇ ವರ್ಷ ಸಾಕು. ಅಸಂಗತ ಅಂಕವನ್ನು ತೆಗೆದುಹಾಕುವ ಅಧಿಕಾರ ಅಧಿಕಾರಿಗಳ ಬಡ್ತಿ-ವರ್ಗಾವಣೆ ನೋಡಿಕೊಳ್ಳುವ ಮಿಲಿಟರಿ ಸೆಕ್ರೆಟರಿ ಶಾಖೆಗೆ ಇದೆ, ನಿಜ. ಆದರೆ ತನ್ನ ಅಂಕವೇ ತಿಳಿಯದವರು ಯಾವುದನ್ನು ಅಸಂಗತ ಎಂದು ಎತ್ತಿ ತೋರಿಸಬೇಕು? 1950ರ ಸೇನಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ದೂರು ಬರೆಯಲು ಕುಳಿತವರು ಮೊದಲು ಊಹೆ ಮಾಡಬೇಕು: ಯಾವ ವರ್ಷ, ಯಾರ ಪೆನ್ನು.

ಇದರ ಪರಿಣಾಮ ಯೂನಿಟ್ಟಿನಲ್ಲಿ ಕಾಣುತ್ತದೆ. ಕಮಾಂಡಿಂಗ್ ಆಫೀಸರ್ (ಸಿ.ಓ.) ಕೈಗೆ ಬೆಟಾಲಿಯನ್ ಸಿಗುವುದು ಎರಡು, ಎರಡೂವರೆ ವರ್ಷದ ಮಟ್ಟಿಗೆ. ಮುಂದಿನ ಬೋರ್ಡ್ ನಿಂತಿರುವುದು ಆ ಅವಧಿಯ ಸಿ.ಆರ್. ಮೇಲೆ. ಎರಡು ವರ್ಷದಲ್ಲಿ ಮೇಲಿನವರ ಕಣ್ಣಿಗೆ ಕಾಣುವ ಕೆಲಸ ಯಾವುದು? ಹೊಸ ಗೇಟು, ನವೀಕರಿಸಿದ ಮೆಸ್, ಗೆದ್ದ ಟ್ರೋಫಿ, ಜನರಲ್ ಭೇಟಿಗೆ ಮುನ್ನ ರಸ್ತೆಯಂಚಿನ ಕಲ್ಲುಗಳಿಗೆ ಬ್ಯಾರಕ್ಕಿನವರು ಗೇರು-ಚೂನಾ ಎನ್ನುವ ಜಾಜು-ಸುಣ್ಣ. ಆ ವಾರ ಗುಂಡಿನ ಅಭ್ಯಾಸಕ್ಕೆ ರೇಂಜಿಗೆ ಹೋಗಬೇಕಿದ್ದ ಕಂಪನಿ ಬ್ರಷ್ ಹಿಡಿದಿರುತ್ತದೆ. ಫೈರಿಂಗ್ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಮಾರ್ಕ್ಸ್‌ಮನ್, ಅಂದರೆ ನಿಪುಣ ಗುರಿಕಾರರ ಸಂಖ್ಯೆ ಕಡಿಮೆಯಾಗುವುದಿಲ್ಲ. ಅಸಲಿ ಕೆಲಸ, ಅಂದರೆ ಹವಾಲ್ದಾರರನ್ನು ಸೆಕ್ಷನ್ ಎಂಬ ಸಣ್ಣ ತುಕಡಿ ನಡೆಸುವಂತೆ ತಿದ್ದುವುದು, ರಾತ್ರಿ ಕಾರ್ಯಾಚರಣೆಯ ಅಭ್ಯಾಸ, ವಾಹನಗಳ ನಿಜಸ್ಥಿತಿ, ಫಲ ಕೊಡುವುದು ಮುಂದಿನ ಸಿ.ಓ. ಕಾಲಕ್ಕೆ. ಅದಕ್ಕೆ ಅಂಕ ಕೊಡುವವರಿಲ್ಲ.

ಇನ್ನೊಂದು ರೋಗ, ತಪ್ಪೇ ನಡೆದಿಲ್ಲ ಎಂದು ತೋರಿಸುವ ಗೀಳು. ವಾಹನ ಅಪಘಾತ, ಆಯುಧದಿಂದ ಆಕಸ್ಮಿಕವಾಗಿ ಹಾರಿದ ಗುಂಡು, ಸೈನಿಕನ ಆತ್ಮಹತ್ಯೆ ಯತ್ನ: ಇವನ್ನು ಕೂಡಲೇ ಮೇಲೆ ತಿಳಿಸಿದ ಸಿ.ಓ. ಆ ವರ್ಷ ಅಂಕ ಕಳೆದುಕೊಳ್ಳುವ ಭಯದಲ್ಲಿರುತ್ತಾರೆ. ಆದ್ದರಿಂದ ವಿಷಯವನ್ನು ಒಳಗೊಳಗೇ ಮುಚ್ಚುವ ಪ್ರಯತ್ನ ನಡೆಯುತ್ತದೆ. ಯೂನಿಟ್ಟಿನ ಜವಾನರಿಗೂ ಸಿ.ಓ.ಗೂ ನಡುವಿನ ಕೊಂಡಿಯಾದ ಸುಬೇದಾರ್ ಮೇಜರ್‌ಗೆ ಎಲ್ಲ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ, ಕೇಳುವ ಫಾರಂ ಕೂಡ ಇಲ್ಲ.

ಪದಕದ ಕಥೆಯೂ ಇದೇ ಕಾಗದದ ಮುಂದುವರಿಕೆ. ಪ್ರಶಸ್ತಿಗೂ ಬೋರ್ಡಿನಲ್ಲಿ ಅಂಕವಿದೆ. ಅಲ್ಲಿಗೆ ಪದಕ ಎದೆಯ ಮೇಲಿನ ಗೌರವವಾಗಿ ಉಳಿಯದೆ ಬಡ್ತಿಯ ಮೆಟ್ಟಿಲಾಗುತ್ತದೆ. ಶೌರ್ಯ ಪದಕದ ಸೈಟೇಶನ್, ಅಂದರೆ ಸಾಹಸ ವಿವರಿಸುವ ಶಿಫಾರಸು ಪತ್ರ, ಯೂನಿಟ್ಟಿನಲ್ಲಿ ಹುಟ್ಟಿ ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್ ದಾಟಿ ಸೇನಾ ಮುಖ್ಯಾಲಯ, ಅಲ್ಲಿಂದ ತಮ್ಮ ಸಚಿವಾಲಯಕ್ಕೆ ಬರುತ್ತದೆ. ಯಾವ ಹಂತದಲ್ಲಾದರೂ ಅದನ್ನು ಕೆಳಗಿನ ಪದಕಕ್ಕೆ ಇಳಿಸಬಹುದು, ಕೈಬಿಡಬಹುದು. ಕಾರಣ ಯೂನಿಟ್ಟಿಗೆ ಮರಳಿ ಬರುವುದಿಲ್ಲ. ಸೈಟೇಶನ್ ಬರೆಯುವುದು ಇಂಗ್ಲಿಷಿನಲ್ಲಿ. ಸಿ.ಓ.ಯ ಕಾಗದಪತ್ರ ನೋಡಿಕೊಳ್ಳುವ ಅಡ್ಜುಟೆಂಟ್‌ರ ಇಂಗ್ಲಿಷ್ ಚೆನ್ನಾಗಿದ್ದರೆ ಸಿಪಾಯಿಯ ಸಾಹಸ ಮೇಲಿನವರ ಮನಸ್ಸಿಗೆ ನಾಟುತ್ತದೆ. ಇಲ್ಲದಿದ್ದರೆ ಅದೇ ಸಾಹಸ ಒಂದು ಪ್ರಶಂಸಾ ಕಾರ್ಡಿಗೆ ಮುಗಿಯುತ್ತದೆ. ಶತ್ರುವಿನ ಮುಂದಲ್ಲದ ಸೇವೆಗೆ ಕೊಡುವ ವಿಶಿಷ್ಟ ಸೇವಾ ಪದಕದ ಸಾಲಿನಲ್ಲಂತೂ ದೊಡ್ಡ ಮುಖ್ಯಾಲಯಗಳ ಹತ್ತಿರ ಇರುವವರಿಗೆ ಅನುಕೂಲ ಹೆಚ್ಚು. ಶಿಫಾರಸು ಮಾಡುವವರು ದಿನವೂ ನೋಡುವ ಮುಖ ಅವರದ್ದೇ ತಾನೆ.

ಪದಕದ ಹಸಿವು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಸಿಯಾಚಿನ್ 2003ರಲ್ಲೇ ತೋರಿಸಿದೆ. ಶತ್ರುಗಳನ್ನು ಕೊಂದಂತೆ ನಾಟಕ ಹೂಡಿ ವಿಡಿಯೊ ಮಾಡಿದ ಪ್ರಕರಣ ಕೋರ್ಟ್ ಮಾರ್ಷಲ್‌ವರೆಗೆ ಹೋಯಿತು. ಶಿಕ್ಷೆಯಾಯಿತು, ಸರಿ. ಹೆಣ ಎಣಿಸಿ ಶೌರ್ಯ ಅಳೆಯುವ ಪದ್ಧತಿಗೆ ಶಿಕ್ಷೆಯಾಗಲಿಲ್ಲ.

ಸೇನೆ ತಾನೇ ಸರಿಮಾಡಿಕೊಳ್ಳುತ್ತದೆ ಎಂಬ ಮಾತಿಗೆ ಉತ್ತರವಾಗಿ ಒಂದು ಪ್ರಕರಣ ಸಾಕು. ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ಭಾಗದಲ್ಲಿ 70ನೇ ಇನ್‌ಫೆಂಟ್ರಿ ಬ್ರಿಗೇಡನ್ನು ನಡೆಸಿದವರು ಬ್ರಿಗೇಡಿಯರ್ ದೇವಿಂದರ್ ಸಿಂಗ್. ಅವರ ಬಗ್ಗೆ ಕೋರ್ ಕಮಾಂಡರ್ ಬರೆದ ವರದಿಯಲ್ಲಿ ಪೂರ್ವಗ್ರಹವಿತ್ತು ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರ ಮೇ ತಿಂಗಳಲ್ಲಿ ತೀರ್ಪಿತ್ತು, ಯುದ್ಧದ ಅಧಿಕೃತ ವರದಿಯನ್ನೂ ತಿದ್ದಲು ಹೇಳಿತು. ಅಷ್ಟರಲ್ಲಿ ಯುದ್ಧ ಮುಗಿದು ಹನ್ನೊಂದು ವರ್ಷ, ಅವರು ನಿವೃತ್ತರು. ಮಹಿಳಾ ಅಧಿಕಾರಿಗಳ ವಿಷಯದಲ್ಲೂ ಅಷ್ಟೇ. ಅವರಿಗೆ ಮುಂದೆ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಸಿಗುವುದೇ ಇಲ್ಲ ಎಂಬ ಎಣಿಕೆಯಲ್ಲಿ ಅಸಡ್ಡೆಯಿಂದ ಬರೆದ ವರದಿಗಳನ್ನೇ ಮುಂದಿಟ್ಟುಕೊಂಡು ಅರ್ಹತೆ ಅಳೆದದ್ದು ಸರಿಯಲ್ಲ ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಷ್ಟೆಲ್ಲ ಬರೆದೆವೆಂದು ತಾವು ಬಡ್ತಿ ಪಟ್ಟಿಗೆ ಕೈಹಾಕಬೇಕೆಂದು ನಾವು ಕೇಳುತ್ತಿಲ್ಲ. ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಪತ್ರ ಕೊಟ್ಟದ್ದರ ಹಿಂದೆ ಅಂದಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಬಡ್ತಿಗಳಲ್ಲಿ ನಡೆಸಿದ ಹಸ್ತಕ್ಷೇಪವೂ ಇತ್ತು. ಸಚಿವರ ಮೆಚ್ಚಿನವರಾಗಿ ಮೇಲೇರಿದ ಜನರಲ್ ಕೌಲ್, ಚೀನಾದ ಎದುರು ನಾವು ಸೋತ 1962ರ ಯುದ್ಧದಲ್ಲಿ ಈಶಾನ್ಯದ ಕೋರ್ ಕಮಾಂಡರ್ ಆಗಿದ್ದರು. ಹೆಸರುಗಳು ಸೇನೆಗೇ ಇರಲಿ. ನಿಯಮ ತಮ್ಮ ಕೈಯಲ್ಲಿದೆ.

ಮೊದಲ ನಿಯಮ: ಸಿ.ಆರ್. ಪೂರ್ತಿ ತೋರಿಸಿ, ಮೂವರ ಅಂಕವನ್ನೂ. ಶಿಸ್ತು ಕೆಡುತ್ತದೆ ಎಂಬ ವಾದ ಬರುತ್ತದೆ. ಎದುರು ಕುಳಿತು ಹೇಳಲಾಗದ ಅಂಕವನ್ನು ಹಿಂದಿನಿಂದ ಬರೆಯುವುದು ಯಾವ ಶಿಸ್ತು? ಜೊತೆಗೆ, ಬರೆದವರ ಸರಾಸರಿಯನ್ನೂ ಕಡತದಲ್ಲಿ ನಮೂದಿಸಿ. ಎಲ್ಲರಿಗೂ 9 ಕೊಡುವವರ 9, ಅಪರೂಪಕ್ಕೆ ಕೊಡುವವರ 9 ಒಂದೇ ತೂಕದ್ದಲ್ಲ ಎಂಬುದು ಬೋರ್ಡಿಗೆ ಆಗ ಕಾಣುತ್ತದೆ.

ಎರಡನೆಯದು, ಬೆಟಾಲಿಯನ್ ಕೈಗಿಡುವ ಮುನ್ನ ಜೊತೆಯವರ, ಕೈಕೆಳಗಿನವರ ಅಭಿಪ್ರಾಯ ಹೆಸರಿಲ್ಲದೆ ಪಡೆಯಿರಿ. ಅಮೆರಿಕದ ಭೂಸೇನೆ 2020ರಲ್ಲಿ ಹೀಗೆ ಮಾಡಲು ಆರಂಭಿಸಿತು; ಸಂದರ್ಶನದಲ್ಲಿ ಅಭ್ಯರ್ಥಿಗೂ ಮಂಡಳಿಗೂ ಮಧ್ಯೆ ಪರದೆ ಕಟ್ಟುತ್ತಿದ್ದರು. ಕೆಳಗಿನವರ ಅಭಿಪ್ರಾಯಕ್ಕೆ ಅಂಕ ಬೇಡ. ಅಂಕ ಇಟ್ಟರೆ ಅದು ಜನಪ್ರಿಯತೆಯ ಚುನಾವಣೆಯಾಗುತ್ತದೆ. ಹಲವರು ಒಂದೇ ದೋಷ ಹೇಳಿದರೆ ಬೋರ್ಡ್ ಅದನ್ನು ವಿಚಾರಿಸಲಿ, ಸಾಕು.

ವಿಶಿಷ್ಟ ಸೇವೆಯ ಪದಕಗಳಿಗೆ ಬೋರ್ಡಿನಲ್ಲಿ ಇರುವ ಅಂಕ ತೆಗೆಯಿರಿ. ಶೌರ್ಯ ಪದಕದ್ದು ಇರಲಿ. ಸೈಟೇಶನ್ನನ್ನು ಕೆಳಗಿಳಿಸಿದವರು ಒಂದು ಸಾಲಿನ ಕಾರಣ ಬರೆದು ಯೂನಿಟ್ಟಿಗೆ ಕಳುಹಿಸಲಿ.

ತುರ್ತಾದದ್ದು ಅಗ್ನಿವೀರರ ವಿಷಯ. 2022ರ ಯೋಜನೆಯ ಪ್ರಕಾರ ನಾಲ್ಕು ವರ್ಷದ ನಂತರ ಒಂದು ತಂಡದಲ್ಲಿ ಗರಿಷ್ಠ 25 ಶೇಕಡಾ ಮಂದಿಗೆ ಮಾತ್ರ ಕಾಯಂ ಸೇವೆ. ಇಷ್ಟು ದಿನ ಅಧಿಕಾರಿಗಳ ಮೆಸ್ಸಿನಲ್ಲಿದ್ದ ಅಂಕದ ಭಯ ಈಗ ಇಪ್ಪತ್ತರ ಹುಡುಗನ ಬ್ಯಾರಕ್ಕಿಗೆ ಬಂದಿದೆ. ಒಂದೇ ಬಂಕರಿನಲ್ಲಿ ಕಾವಲು ನಿಂತ ನಾಲ್ವರಲ್ಲಿ ಉಳಿಯುವವನು ಒಬ್ಬನೇ ಎಂದಾದರೆ ಅವರು ಪರಸ್ಪರ ಗೆಳೆಯರಾಗಿ ಉಳಿಯುವುದು ಕಷ್ಟ. ಪ್ಲಟೂನ್ ಹವಾಲ್ದಾರರ ಮರ್ಜಿ ಹಿಡಿಯುವುದು ಸುಲಭ. ದೈಹಿಕ ಪರೀಕ್ಷೆ, ಫೈರಿಂಗ್, ಡ್ರಿಲ್, ಮೇಲಿನವರ ಅಭಿಪ್ರಾಯ: ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಸೇರುವ ದಿನವೇ ಅವನ ಕೈಗೆ ಕೊಡಿ. ಪ್ರತಿ ವರ್ಷದ ಅಂಕಪಟ್ಟಿಯನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸಿ ಸಹಿ ಪಡೆಯಿರಿ. ಆಕ್ಷೇಪಣೆ ಇದ್ದರೆ ಅದೇ ವರ್ಷ ಕಂಪನಿಯ ಹೊರಗಿನ ಅಧಿಕಾರಿಯೊಬ್ಬರು ಕೇಳಿ ಇತ್ಯರ್ಥ ಮಾಡಲಿ. ನಾಲ್ಕನೇ ವರ್ಷ ಮನೆಗೆ ಕಳುಹಿಸಿದ ಮೇಲೆ ಅಲ್ಲ.

ತಮ್ಮ ವಿಶ್ವಾಸಿಗಳು,
ಸೇನೆಯಿಂದ ನಿವೃತ್ತರಾದ ಕೆಲವು ಕನ್ನಡಿಗರು