ಕತ್ತಿ ಹಾಕದೆ ಬಿಟ್ಟವರಿಗೆ ಥ್ಯಾಂಕ್ಸ್

ಈ ಮಳೆಗಾಲ ಕೊಡಗಿನ ನಮ್ಮ ಬಾಣೆ, ಅಂದರೆ ತೋಟಕ್ಕೆ ಸೇರಿದ ಹುಲ್ಲಿನ ಗುಡ್ಡ, ಪೂರ್ತಿ ಹೂಬಿಟ್ಟಿತು. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜಾರಿ, ಕೆಂಪು ಮಣ್ಣು ಅಂಗಳದವರೆಗೆ ಬಂದದ್ದನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಬಂದವರೆಲ್ಲ "ಚೆನ್ನಾಗಿ ಬೆಳೆಸಿದ್ದೀರಿ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾನು ಬೆಳೆಸಿದ್ದು ಕಡಿಮೆ, ಬೇರೆಯವರು ಕೈ ಹಾಕದೆ ಬಿಟ್ಟದ್ದೇ ಜಾಸ್ತಿ. ಅವರಿಗೆಲ್ಲ ಎದುರಿಗೆ ಹೇಳಲು ನಾಚಿಕೆ. ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ಜೆಸಿಬಿಯ ಅಣ್ಣ. ಗಂಟೆ ಲೆಕ್ಕದ ಬಾಡಿಗೆ, ಕೆರೆದಷ್ಟೂ ಅವರಿಗೇ ಲಾಭ. ಆದರೂ ಅಂಗಳದ ಮಣ್ಣು ತೆಗೆದ ಕೂಡಲೇ ಗಾಡಿ ನಿಲ್ಲಿಸಿದರು. "ಬುಡ ಕೆರೆದರೆ ಮೇಲಿರೋದೂ ಇಳಿಯುತ್ತೆ ಅಕ್ಕ, ಹಾಗೇ ಬಿಡಿ" ಅಂದರು. ಮೇಲಿನ ಹುಲ್ಲಿನ ಅಂಚು ಉಳಿದದ್ದು ಅವರಿಂದ. ನೆಲದ ಆರ್ಕಿಡ್‌ಗಳ ಗೆಡ್ಡೆ ಇದ್ದದ್ದೂ ಆ ಅಂಚಿನಲ್ಲೇ. ಆಗ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಗೊತ್ತಾಗಲು ಹೇಗೆ ಸಾಧ್ಯ? ಪ್ರತಿವರ್ಷ ಆಗಸ್ಟ್‌ನಲ್ಲೇ ಅಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಹಬನೇರಿಯಾ ಎಂಬ ಈ ಆರ್ಕಿಡ್ ಮೊದಲ ಮಳೆಗೆ ಗೆಡ್ಡೆಯಿಂದ ಚಿಗುರುತ್ತದೆ, ಜಡಿಮಳೆಯಲ್ಲಿ ಬೆಳೆದು ಆಗಸ್ಟ್-ಸೆಪ್ಟೆಂಬರ್‌ಗೆ ಹೂ ಬಿಡುತ್ತದೆ. ಮಳೆ ನಿಂತ ಮೇಲೆ ಬೀಜ ಹಾರಿ, ಮೇಲಿನದೆಲ್ಲ ಒಣಗುತ್ತದೆ. ಮೊಗ್ಗಿನ ಹೊತ್ತಿಗೇ ಕತ್ತಿ ಬಿದ್ದರೆ ಬೀಜವೂ ಇಲ್ಲ, ಮುಂದಿನ ವರ್ಷದ ಗೆಡ್ಡೆಗೆ ಊಟ ತುಂಬುವ ಎಲೆಯೂ ಇಲ್ಲ. ಇದನ್ನು ನನಗೆ ವಿವರಿಸಿ ಹೇಳಿದವಳು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದ, ನಮ್ಮ ಸಂಬಂಧಿಕರ ಮಗಳು. ಅವಳಿಗೂ ಥ್ಯಾಂಕ್ಸ್. ಅವಳ ಮಾತು ಕೇಳಿ ನಾನು ಕೆಳಗಿನ ಮನೆಯ ದನದವರ ಹತ್ತಿರ ಹೋಗಿ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ ಕಳೆಯುವವರೆಗೆ ಆ ಕಡೆ ಕತ್ತಿ ಹಾಕಬೇಡಿ ಅಂದೆ. ಹಸಿ ಹುಲ್ಲು ಬಿಟ್ಟು ಒಣಹುಲ್ಲು ತಗೊಳ್ಳಿ ಅಂದ ಹಾಗಾಯ್ತು. ಯಾರು ಒಪ್ಪುತ್ತಾರೆ? ಅವರು ಒಪ್ಪಿದರು. ಕೊಯ್ದದ್ದನ್ನು ಅಲ್ಲೇ ಕೊಳೆಯಲು ಬಿಡದೆ ಪೂರ್ತಿ ಹೊತ್ತೊಯ್ಯುತ್ತಾರೆ, ಅದೂ ದೊಡ್ಡ ಉಪಕಾರ. ಮಣ್ಣಿಗೆ ಸಾರ ಜಾಸ್ತಿಯಾದರೆ ಹುಲ್ಲೇ ಸೊಕ್ಕಿ ಹೂಗಿಡಗಳನ್ನು ಮುಚ್ಚಿಬಿಡುತ್ತದೆ. ಕಾಫಿಗೆ ಹಾಕಿ ಉಳಿದ ಯೂರಿಯಾವನ್ನು ಬಾಣೆಗೆ ಎರಚಲು ಹೊರಟು, ನನ್ನ ಮುಖ ನೋಡಿ ಚೀಲ ವಾಪಸ್ ಹೊತ್ತ ನಮ್ಮ ಯಜಮಾನರಿಗೂ ಇದರಲ್ಲಿ ಒಂದು ಪಾಲು.

ಪಕ್ಕದ ತೋಟದವರನ್ನು ಮರೆಯುವ ಹಾಗಿಲ್ಲ. ತೋಟಕ್ಕೆ ಬೋರ್ಡೋ ಔಷಧಿ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ನಮ್ಮ ಬೇಲಿಯ ಕಡೆ ಸ್ಪ್ರೇ ಗನ್ ತಿರುಗಿಸಲಿಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಮಣ್ಣಿನಲ್ಲೋ ತೊಗಟೆಯಲ್ಲೋ ಇರುವ ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಬೋರ್ಡೋ ಇರುವುದೇ ಶಿಲೀಂಧ್ರ ಕೊಲ್ಲಲು, ಅಲ್ವಾ?

ಹಾಗಂತ ಸುಮ್ನೆ ಕೂತರೆ ಬಾಣೆ ಹೂ ಬಿಡುವುದಿಲ್ಲ. ಜಾರಿದ ಜಾಗಕ್ಕೆ ಮೊದಲು ನುಗ್ಗಿದ್ದು ಲಾಂಟಾನ ಮತ್ತು ಕಮ್ಯುನಿಸ್ಟ್ ಗಿಡ. ತೋಟದ ಕೆಲಸದವರ ಲೈನ್‌ಮನೆಯ ಅಕ್ಕಂದಿರು ಮಳೆಯಲ್ಲಿ ಗೊರಬೆ ಹೊದ್ದು ಅವನ್ನು ಬೇರುಸಹಿತ ಕಿತ್ತರು. ಅವರು ಅಡ್ಡಸಾಲಿಗೆ ನೆಟ್ಟ ಲಾವಂಚ ಮಣ್ಣು ಹಿಡಿಯಿತು. ಈಗ ಅಲ್ಲಿ ಒರತೆಯ ಪಸೆಯಲ್ಲಿ ಕರ್ಣಕುಂಡಲ, ಅದರ ಕಾಲಬುಡದಲ್ಲಿ ನೀಲಿ ಯುಟ್ರಿಕ್ಯುಲೇರಿಯಾ. ಬೆರಳುದ್ದದ ಈ ಸಾಧು ಗಿಡ ಕೆಸರಿನೊಳಗೆ ಪುಟ್ಟ ಚೀಲಗಳನ್ನಿಟ್ಟುಕೊಂಡು ಹುಳಹುಪ್ಪಟೆ ಹಿಡಿದು ತಿನ್ನುತ್ತದೆ!

ಇನ್ನು ಮರದ ಮೇಲೆ ಬೆಳೆಯುವ ಆರ್ಕಿಡ್, ಸೀತಾಳೆ ದಂಡೆ. ತೋಟದ ನೆರಳು ಕಡಿಮೆ ಮಾಡುವ ಮರಗಸಿಯಲ್ಲಿ ಕಡಿದ ಕೊಂಬೆಯ ಜೊತೆ ಅದೂ ಬಿದ್ದು ಸೌದೆ ರಾಶಿ ಸೇರುತ್ತಿತ್ತು. ಬದನಿಕೆ, ಮರದ ರಸ ಹೀರುತ್ತೆ ಅಂತಲೇ ಎಲ್ಲರ ನಂಬಿಕೆ. ಅದು ಹೀರುವುದು ಮಳೆ, ಮಂಜಿನ ನೀರನ್ನು. ಮರ ಬರೀ ಕೂರುವ ಜಾಗ. ಒಂದು ವರ್ಷ ಅಸ್ಸಾಮಿನಿಂದ ಕೆಲಸಕ್ಕೆ ಬಂದಿದ್ದ ಹುಡುಗಿ ಬಿದ್ದ ಕೊಂಬೆಯ ಮುಂದೆ ಕೂತುಬಿಟ್ಟಳು. "ಕೋಪೌ ಫೂಲ್!" ಅಂದಳು. ಅವರ ರಾಜ್ಯದ ಹೂವೇ ಅದಂತೆ, ಬಿಹು ಹಬ್ಬಕ್ಕೆ ಮುಡಿಯುತ್ತಾರಂತೆ. ಅವತ್ತಿನಿಂದ ಬಿದ್ದದ್ದನ್ನೆಲ್ಲ ಆರಿಸಿ, ಹಲಸಿನ ಒರಟು ತೊಗಟೆಗೆ ಬಾಳೆನಾರಿನಲ್ಲಿ ಕಟ್ಟಿದ್ದು ಅವಳೇ. ನಾರು ಕೊಳೆಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಒಣಗಿದಾಗ ಬೂದಿ ಬಣ್ಣದ ಬೇರು, ನಾಲ್ಕು ಹನಿ ಬಿದ್ದರೆ ನೋಡನೋಡುತ್ತ ಹಸಿರಾಗುತ್ತದೆ. ಮೇ ಕೊನೆಗೆ ಗೊಂಚಲು ಇಳಿಬಿದ್ದಾಗ ಫೋಟೋ ಕಳಿಸಿದೆ. ಅವಳು ಈಗ ಊರಲ್ಲಿದ್ದಾಳೆ. ತಂಗೀ, ಆ ಹಲಸಿನ ಮರ ನಿನ್ನದು.

ಕೊನೆಗೆ ನಮ್ಮ ಅತ್ತೆ. "ಬಾಣೆ ಕಾಡಾಯ್ತು, ಹಾವು ಬರುತ್ತೆ, ನೋಡಿದವರು ಏನಂದಾರು" ಅಂತ ಜಗಳವಾಡುತ್ತಲೇ ಇದ್ದರು. ಈ ಸಲ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಮುಡಿಸುವ ತೋಕ್ ಪೂ (ಅಗ್ನಿಶಿಖೆ ಹೂ) ಹುಡುಕಿಕೊಂಡು ಯಾರೂ ಹೊರಗೆ ಹೋಗಬೇಕಾಗಲಿಲ್ಲ. ಅತ್ತೆಯೇ ಬಾಣೆಗೆ ಹತ್ತಿ ಕೊಯ್ದು ತಂದರು. ಗೆಡ್ಡೆ ವಿಷ, ಮಕ್ಕಳನ್ನು ಹತ್ತಿರ ಬಿಡಬೇಡ ಅಂತ ನನಗೇ ಪಾಠ ಮಾಡಿದರು. ಈಗ ಬಂದವರಿಗೆಲ್ಲ ಬಾಣೆ ತೋರಿಸುವುದು ಅವರೇ.

ನೋಡಬೇಕೆನ್ನುವವರು ಮುಂದಿನ ಸೆಪ್ಟೆಂಬರ್‌ನಲ್ಲಿ ಬನ್ನಿ. ಹಬನೇರಿಯಾದ ಬಿಳಿ ಹೂವಿನ ಹಿಂದೆ ದಾರದಂಥ ಕೊಳವೆ ಇದೆ, ಅದರ ತುದಿಯಲ್ಲಿ ಮಕರಂದ. ಪತಂಗ ಬರುವುದು ಕತ್ತಲಾದ ಮೇಲೆ, ಅದಕ್ಕೆ ಸಂಜೆಯೇ ಬಂದರೆ ಒಳ್ಳೆಯದು. ಗೆಡ್ಡೆ, ಗಿಡ ಕೇಳಬೇಡಿ, ಕಾಡಿನಿಂದಲೂ ಕಿತ್ತು ತರಬೇಡಿ. ಕಾಫಿ ನಾವು ಕೊಡುತ್ತೇವೆ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ನೀವೇ ತನ್ನಿ.