ಆ ಎರಡು ದಿನದ ವಿಡಿಯೋ ಎಲ್ಲಿ, ಸಂಸದರೇ?

ದಾವಣಗೆರೆಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ನನ್ನ ತಮ್ಮ ಮಂಡಿಪೇಟೆ ಹತ್ತಿರ ಹಳೇ ಮೊಬೈಲ್ ಮಾರುವ ಅಂಗಡಿ ಇಟ್ಟಿದ್ದ. ಅವನು ಮಾರಿದ ಒಂದು ಫೋನ್ ಯಾವುದೋ ಉಗ್ರರ ಕೇಸಿನಲ್ಲಿ ಸಿಕ್ಕಿತಂತೆ. ವಿಚಾರಣೆ ಅಂತ ಬೆಳಿಗ್ಗೆ ಠಾಣೆಗೆ ಕರೆದುಕೊಂಡು ಹೋದ ಪೊಲೀಸರು ಮರುದಿನ ರಾತ್ರಿ ಬಿಟ್ಟರು. ಹಿಡಿದವರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂಬ ನಿಯಮ ನಿಮಗೆ ನಾನು ಹೇಳಬೇಕಿಲ್ಲ. ಅವನ ಮೇಲೆ ಕೇಸೂ ಇಲ್ಲ. ಮನೆಗೆ ಬಂದಾಗ ಎರಡೂ ಪಾದ ಊದಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಅಮ್ಮ ಬಿಸಿನೀರು ತಂದಿಟ್ಟರೆ ಅದರೊಳಗೆ ಕಾಲಿಡಲೂ ಆಗಲಿಲ್ಲ. ಏನಾಯ್ತೋ ಅಂದರೆ ಇವತ್ತಿಗೂ ಬಾಯಿ ಬಿಡಲ್ಲ. ಅಂಗಡಿ ಮುಚ್ಚಿದೆ. ಹೆಣ್ಣು ಕೊಡ್ತೀವಿ ಅಂದಿದ್ದ ಹರಿಹರದವರು ಫೋನ್ ಎತ್ತುತ್ತಿಲ್ಲ. ಬೀದಿಯವರಿಗೆ ಅವನೀಗ ‘ಟೆರರಿಸ್ಟ್ ಕೇಸಿನವನು’.

ಆ ಎರಡು ದಿನದ ಠಾಣೆ ಕ್ಯಾಮೆರಾದ ವಿಡಿಯೋ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಕ್ಯಾಮೆರಾ ಕೆಟ್ಟಿತ್ತು’ ಅಂತ ಉತ್ತರ ಬಂತು. ಅಷ್ಟೇ!

2020ರ ಡಿಸೆಂಬರ್ 2ರ ಸುಪ್ರೀಂ ಕೋರ್ಟ್ ಆದೇಶ ನಿಮಗೆ ಗೊತ್ತೇ ಇದೆ. ಠಾಣೆಗಳಲ್ಲಷ್ಟೇ ಅಲ್ಲ, ಕೇಂದ್ರದ ತನಿಖಾ ಸಂಸ್ಥೆಗಳಾದ ಎನ್‌ಐಎ, ಸಿಬಿಐ, ಇಡಿ ಕಚೇರಿಗಳಲ್ಲೂ ದನಿ ಸಮೇತ ರೆಕಾರ್ಡ್ ಆಗುವ ಕ್ಯಾಮೆರಾ ಇರಬೇಕು. ವಿಡಿಯೋ ಉಳಿಸಿಡಿ ಎಂದು ಕೇಳುವ ಹಕ್ಕು ನೊಂದವರಿಗಿದೆ ಅಂತ ಬಾಗಿಲಲ್ಲೇ, ನಮ್ಮ ಭಾಷೆಯಲ್ಲೇ ಬೋರ್ಡ್ ಹಾಕಬೇಕು. ಆ ಠಾಣೆ ಬಾಗಿಲಲ್ಲಿ ನಾನು ಕಂಡಿದ್ದು ಸೈಬರ್ ವಂಚನೆಯ ಪೋಸ್ಟರ್ ಒಂದೇ. ಇಂಥ ಹಕ್ಕಿದೆ ಅಂತಲೇ ತಿಳಿಯದಿದ್ದರೆ ಜನ ಕೇಳೋದು ಹೇಗೆ?

ಆ ಆದೇಶದ ಪಟ್ಟಿಯಲ್ಲಿ ಸೇನೆಯ ಹೆಸರಂತೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಸೈನಿಕರ ಮೇಲೆ ದಾಳಿಯಾಯಿತು. ಆಮೇಲೆ ಸೇನೆ ವಿಚಾರಣೆಗೆ ಕರೆದೊಯ್ದ ಟೋಪಾ ಪೀರ್‌ನ ಮೂವರು ಹಳ್ಳಿಗರು ಸತ್ತರು. ಹಿಂಸೆಯ ವಿಡಿಯೋ ಮೊಬೈಲ್‌ಗಳಲ್ಲಿ ಹರಿದಾಡಿತು, ದೇಶಕ್ಕೆಲ್ಲ ಗೊತ್ತಾಯಿತು, ಸೇನೆಯೇ ತನಿಖೆಗೆ ಆದೇಶಿಸಿತು. ಆ ವಿಡಿಯೋ ಹೊರಗೆ ಬರದೇ ಇದ್ದಿದ್ದರೆ ದಾವಣಗೆರೆಯಲ್ಲಿ ಕೂತ ನನಗೆ ಆ ಹಳ್ಳಿಯ ಹೆಸರೂ ಗೊತ್ತಾಗುತ್ತಿರಲಿಲ್ಲ.

ನಾನು ಸೇನೆಗೆ ವಿರೋಧಿಯಲ್ಲ. ನಮ್ಮ ಚಿಕ್ಕಪ್ಪನ ಮಗ ಗಡಿಯಲ್ಲಿದ್ದಾನೆ. ನೆಟ್ಟಗೆ ಕೆಲಸ ಮಾಡಿದ ಅವನ ಮೇಲೆ ನಾಳೆ ಯಾರಾದರೂ ಸುಳ್ಳು ಆರೋಪ ಹೊರಿಸಿದರೆ ಅವನನ್ನು ಉಳಿಸುವುದೂ ರೆಕಾರ್ಡೇ ಅಲ್ವಾ?

ಲೋಕಸಭೆಯಲ್ಲಿ ಕೇಳಿ. ಉಗ್ರರೆಂಬ ಶಂಕೆಯಲ್ಲಿ ಹಿಡಿದವರ ವಿಚಾರಣೆ, ಪೊಲೀಸರದ್ದಿರಲಿ ಸೇನೆಯದ್ದಿರಲಿ, ಮೊದಲಿಂದ ಕೊನೆವರೆಗೆ ರೆಕಾರ್ಡ್ ಆಗಬೇಕು. ಟಿವಿಗೆ ಕೊಡಿ ಅಂತಿಲ್ಲ, ನ್ಯಾಯಾಧೀಶರ ಕೈಗೆ ಕೊಡಿ. ರೆಕಾರ್ಡ್ ಇಲ್ಲವೆಂದರೆ ಯಾಕಿಲ್ಲ ಅಂತ ಒಬ್ಬ ಅಧಿಕಾರಿ ಉತ್ತರ ಕೊಡಬೇಕು. ಮತ್ತೆ ಹೇಳ್ತೀನಿ, ಪೂರ್ತಿ ರೆಕಾರ್ಡ್ ಆಗಬೇಕು. ಮುಂದಿನ ಅಧಿವೇಶನದಲ್ಲೇ ಕೇಳಿ. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಪ್ರತಿ ಠಾಣೆ ಬಾಗಿಲಿಗೂ ಆ ಬೋರ್ಡ್ ಹಾಕಿಸಿ.

ಇತಿ,
ಮಂಡಿಪೇಟೆಯ ಒಬ್ಬ ಮತದಾರ