ದಾರದಲ್ಲಿ ಎದೆ ಹೆಣೆದುಕೊಟ್ಟ ಅಕ್ಕಂದಿರಿಗೆ

ಹೋದ ತಿಂಗಳ ಚೆಕಪ್‌ನಲ್ಲಿ ಡಾಕ್ಟರು ನನ್ನ ಹಾರ್ಮೋನ್ ಮಾತ್ರೆ ನಿಲ್ಲಿಸಿದರು. ಐದು ವರ್ಷ ತುಂಬಿತು, ಇನ್ನು ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು ಎಂದರು. ಸ್ತನ ಕ್ಯಾನ್ಸರ್ ಆದವರಿಗೆ ಈ ಮಾತು ಕೇಳಿದಾಗ ಏನಾಗುತ್ತದೆ ಅಂತ ಗೊತ್ತಿರುತ್ತದೆ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಡಾಕ್ಟರು, ನರ್ಸಮ್ಮಂದಿರು, ಕೀಮೋ ದಿನಗಳಲ್ಲಿ ಗಂಜಿ ಮಾಡಿಕೊಟ್ಟ ಅತ್ತಿಗೆ, ಪ್ರತಿ ಸಲ ರಜೆ ಹಾಕಿ ಜೊತೆಗೆ ಬಂದ ತಮ್ಮ. ಇವರಿಗೆಲ್ಲ ಎದುರಿಗೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಮ್ಮ ಶಿವಮೊಗ್ಗದ ಕ್ರೋಶಾ ಹಾಕುವ ಅಕ್ಕಂದಿರಿಗಾಗಿ. ಅವರು ನನಗೆ ಬ್ರಾ ಒಳಗೆ ಇಟ್ಟುಕೊಳ್ಳುವಂಥ ಸ್ತನವನ್ನು ಕಾಟನ್ ದಾರದಲ್ಲಿ ಹೆಣೆದುಕೊಟ್ಟರು. ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಇದನ್ನು ಎಲ್ಲರೆದುರು ಹೇಳಲು ಕಾರಣ ಇದೆ. ಇಂಥದ್ದೊಂದು ಸಿಗುತ್ತದೆ ಅಂತ ನನಗೆ ಗೊತ್ತಾಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ನಾನಾಗಿ ಯಾರನ್ನು ಕೇಳಲಿ, ಹೇಗೆ ಕೇಳಲಿ?

ನನ್ನ ಎಡಗಡೆಯದನ್ನು ಪೂರ್ತಿ ತೆಗೆದಿದ್ದರು. ಹೊಲಿಗೆ ಒಣಗಿ ಓಡಾಡಲು ಶುರು ಮಾಡಿದಾಗ ಎಲ್ಲರೂ, "ಸೆರಗಿದೆಯಲ್ಲ, ಗೊತ್ತಾಗಲ್ಲ ಬಿಡು" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈ ಎತ್ತಿದರೆ, ಬಗ್ಗಿ ರಂಗೋಲಿ ಹಾಕಿದರೆ ಸೆರಗು ನಿಂತಲ್ಲಿ ನಿಲ್ಲುವುದಿಲ್ಲ. ಕರವಸ್ತ್ರ ಮಡಚಿ ಇಟ್ಟುಕೊಂಡೆ. ಹತ್ತಿ ಸುತ್ತಿ ಇಟ್ಟುಕೊಂಡೆ. ನಡೆಯುತ್ತಾ ನಡೆಯುತ್ತಾ ಅದು ಎಲ್ಲಿಗೋ ಸರಿದಿರುತ್ತಿತ್ತು. ಸಿಲಿಕೋನ್‌ನದ್ದು ಬರುತ್ತದೆ ಅಂತ ಕೇಳಿದ್ದೆ. ಅದಕ್ಕೆ ಸಾವಿರಾರು ರೂಪಾಯಿ. ರೇಡಿಯೇಷನ್ ಬಿಲ್ಲು ಕಟ್ಟಲು ಒಡವೆ ಅಡವಿಟ್ಟ ಮನೆಯಲ್ಲಿ ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮದುವೆ, ಗೃಹಪ್ರವೇಶ ಅಂತ ಕರೆದರೆ ಸುಸ್ತು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಕೀಮೋ ವಾರ್ಡಿನಲ್ಲಿ ಪರಿಚಯವಾದವರೊಬ್ಬರು ಫೋನ್ ನಂಬರ್ ಕೊಟ್ಟರು. ಆ ಕಡೆ ಮಾತಾಡಿದವರನ್ನು ಈಗ ನಾವೆಲ್ಲ ದೊಡ್ಡಮ್ಮ ಅಂತಲೇ ಕರೆಯುತ್ತೇವೆ. ಯಾವಾಗ ಬಂತು, ಯಾಕೆ ಬಂತು, ಮನೆಯಲ್ಲಿ ಯಾರಿಗಾದರೂ ಇತ್ತಾ, ಯಾವುದನ್ನೂ ಕೇಳಲಿಲ್ಲ. "ಒಳಗೆ ಹಾಕ್ಕೊಳ್ಳೋದರ ಸೈಜ್ ಹೇಳಮ್ಮ, ಉಳಿದಿದ್ದು ನಮಗೆ ಬಿಡು" ಎಂದರು. ಆಮೇಲೆ, ಬಣ್ಣ ಯಾವುದು ಇಷ್ಟ ಅಂದರು. ಕಾಯಿಲೆ ಗೊತ್ತಾದ ದಿನದಿಂದ ನನ್ನ ಮೈಯ ವಿಷಯದಲ್ಲಿ ಇಷ್ಟ ಏನು ಅಂತ ಕೇಳಿದವರೇ ಇರಲಿಲ್ಲ. ತಿಳಿ ನೇರಳೆ ಎಂದೆ.

ಅದನ್ನು ಹೇಗೆ ಮಾಡುತ್ತಾರೆ ಅಂತ ಬರೆಯಲೇಬೇಕು. ನಡುವೆ ಒಂದು ಮ್ಯಾಜಿಕ್ ರಿಂಗ್, ಅಂದರೆ ಎಳೆದರೆ ಬಿಗಿಯಾಗುವ ದಾರದ ಉಂಗುರ. ಅದರೊಳಗೆ 6 ಸಿಂಗಲ್ ಕ್ರೋಶಾ, ಅಂದರೆ ಚಿಕ್ಕ ಸಾದಾ ಹೆಣಿಗೆ. ಮುಂದಿನ ಸುತ್ತಿಗೆ 12, ಅದರ ಮುಂದಿನದಕ್ಕೆ 18. ಹೀಗೇ ಪ್ರತಿ ಸುತ್ತಿಗೂ ಹೆಚ್ಚಿಸುತ್ತಾ ಹೋದರೆ ಚಪ್ಪಟೆಯಾಗಿ ಬರುತ್ತದೆ. ಹೆಚ್ಚಿಸುವುದನ್ನು ಅಲ್ಲಲ್ಲಿ ತಡೆದರೆ ಬಟ್ಟಲಿನ ಹಾಗೆ ಮೇಲೇಳುತ್ತದೆ. ಎಲ್ಲಿ ತಡೆಯಬೇಕು ಅನ್ನುವುದರಲ್ಲೇ ಆಕಾರ ಇರುವುದು. ಸ್ವೆಟರ್‌ಗೆ ಬಳಸುವ ಉಲ್ಲನ್ ಇದಕ್ಕೆ ಆಗುವುದಿಲ್ಲ. ರೇಡಿಯೇಷನ್ ಆದ ಚರ್ಮ ತುಂಬ ಸೂಕ್ಷ್ಮ, ಉಲ್ಲನ್ ಚುಚ್ಚುತ್ತದೆ, ಕೆರೆತ ಬರುತ್ತದೆ. ಮೆತ್ತನೆಯ ಕಾಟನ್ ದಾರವೇ ಬೇಕು. ಹಿಂಬದಿಯಲ್ಲಿ, ಅಂದರೆ ಗಾಯದ ಗುರುತಿಗೆ ತಾಗುವ ಕಡೆ, ಒಂದು ಗಂಟೂ ಇರಬಾರದು. ದಾರದ ತುದಿಯನ್ನೆಲ್ಲ ಒಳಗೇ ಸೇರಿಸುತ್ತಾರೆ. ಆಮೇಲೆ ದೊಡ್ಡಮ್ಮ ಹಿಂಬದಿಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಾರೆ. ಒಂಚೂರು ಒರಟು ಅನಿಸಿದರೂ ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ಒಳಗೆ ತುಂಬುವುದು ಗೊಂಬೆಗಳಿಗೆ ತುಂಬುವ ಫೈಬರ್. ಮಾಮೂಲಿ ಹತ್ತಿ ತುಂಬಿದರೆ ಒಗೆದಾಗ ಉಂಡೆ ಕಟ್ಟುತ್ತದೆ. ಹಿಂದೆ ಸಣ್ಣ ಬಾಯಿ ಬಿಟ್ಟು ದಾರ ಕಟ್ಟಿರುತ್ತಾರೆ. ಇನ್ನೊಂದು ಕಡೆಗೆ ಸರಿಹೊಂದುವಷ್ಟು ನಾವೇ ತೆಗೆದು, ತುಂಬಿಕೊಳ್ಳಬಹುದು.

ನನಗೆ ಎರಡು ಕೊಟ್ಟಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಕಾಟನ್ ಬೇಗ ಒಣಗುವುದಿಲ್ಲ, ಒಂದು ತಂತಿ ಮೇಲಿದ್ದಾಗ ಇನ್ನೊಂದು ಬೇಕಲ್ವಾ ಅಂತ. ಅಷ್ಟನ್ನೂ ಯೋಚಿಸಿದ್ದರು.

ಇದೊಂದೇ ಎಲ್ಲರಿಗೂ ಸಾಕು ಅಂತ ನಾನು ಹೇಳುವುದಿಲ್ಲ. ಇದು ತುಂಬ ಹಗುರ, ಹಾಗಾಗಿ ಕೆಲವರಿಗೆ ಮೇಲಕ್ಕೆ ಸರಿಯುತ್ತದೆ. ಭಾರದ ಸ್ತನ ಇದ್ದವರಿಗೆ ಹೆಗಲು, ಬೆನ್ನಿನ ಸಮತೋಲಕ್ಕೆ ಸಿಲಿಕೋನ್‌ನದ್ದೇ ಒಳ್ಳೆಯದಾಗಬಹುದು. ಡಾಕ್ಟರನ್ನು ಕೇಳಿ. ನನಗೆ ಸರಿಯುವ ತೊಂದರೆ ತಪ್ಪಿಸಿದ್ದು ನಮ್ಮ ಬೀದಿಯ ಟೈಲರ್ ಅಕ್ಕ. ನಾನು ಅರ್ಧ ಹೇಳುವಷ್ಟರಲ್ಲೇ ಅರ್ಥ ಮಾಡಿಕೊಂಡು, ಬ್ರಾ ಒಳಗಡೆ ತೆಳು ಮಲ್ಲಿನ ಜೇಬು ಹೊಲಿದುಕೊಟ್ಟರು. ಅದಕ್ಕೆ ಅವರೂ ದುಡ್ಡು ಮುಟ್ಟಲಿಲ್ಲ. ನಿಮಗೂ ನನ್ನ ನಮಸ್ಕಾರ ಅಕ್ಕಾ.

ಮೊದಲ ಸಲ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ನನಗೆ ಎದ್ದು ಕಂಡದ್ದು ಎದೆ ಅಲ್ಲ, ಹೆಗಲು. ಮುಂದೆ ಬಾಗಿಸಿಕೊಂಡೇ ಇರುತ್ತಿದ್ದ ಹೆಗಲು ನೇರ ಆಗಿತ್ತು. ಆ ವಾರವೇ ಚಿಕ್ಕಮ್ಮನ ಮಗಳ ಮದುವೆಗೆ ಹೋದೆ. ಫೋಟೋದಲ್ಲಿ ನಿಂತೆ. ಕೈ ಎತ್ತಿ ಅಕ್ಷತೆ ಹಾಕಿದೆ.

ಈ ಕೆಲಸ ಎಲ್ಲಿಂದ ಬಂತು ಅಂತ ಹುಡುಕಿ ಓದಿದ್ದೇನೆ. ಕೆನಡಾದ ಬೆರಿಲ್ ತ್ಸಾಂಗ್ ಎಂಬವರು ತಮ್ಮ ಆಪರೇಷನ್ ಆದ ಮೇಲೆ ತಮಗಾಗಿ ಒಂದು ಹೆಣೆದುಕೊಂಡರು. 2005ರಲ್ಲಿ ಅದರ ವಿಧಾನವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. 2011ರಲ್ಲಿ ಅಮೆರಿಕದ ಬಾರ್ಬರಾ ಡೆಮೊರೆಸ್ಟ್ ಅವರಿಗೆ ಗೆಳತಿಯೊಬ್ಬರು ಹೆಣೆದುಕೊಟ್ಟರು. ಆಮೇಲೆ ಬಾರ್ಬರಾ ಅದನ್ನು ಹೆಣೆದು ಉಚಿತವಾಗಿ ಹಂಚುವವರ ದೊಡ್ಡ ಬಳಗವನ್ನೇ ಕಟ್ಟಿದರು. ನಮ್ಮಲ್ಲಿ ಮುಂಬಯಿಯ ಸಾಇಶಾ ಇಂಡಿಯಾ ಫೌಂಡೇಶನ್ ಇದೇ ಕೆಲಸ ಮಾಡುತ್ತಿದೆ. ನಮ್ಮ ಅಕ್ಕಂದಿರು ಕಲಿತದ್ದು ಯೂಟ್ಯೂಬ್ ನೋಡಿ. ಎಲ್ಲೋ ಇರುವ ಆ ಹೆಂಗಸರು ತಾವು ಕಂಡುಕೊಂಡದ್ದನ್ನು ಗುಟ್ಟು ಮಾಡದೆ ಹೇಳಿಕೊಟ್ಟದ್ದರಿಂದ ಅದು ಶಿವಮೊಗ್ಗದವರೆಗೂ ಬಂತು. ಅವರಿಗೂ ನನ್ನ ಕೃತಜ್ಞತೆ.

ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರ 2022ರ ಗ್ಲೋಬೋಕಾನ್ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1,92,000 ಹೊಸ ಪ್ರಕರಣಗಳು. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಕರವಸ್ತ್ರ ಮಡಚಿ ಇಟ್ಟುಕೊಂಡಿದ್ದಾರೋ ಅಂತ ನೆನೆದಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ಅದಕ್ಕೇ ಕಲಿತೆ. ಕೀಮೋದಿಂದ ಬೆರಳ ತುದಿ ಜೋಮು ಹಿಡಿದಿತ್ತು, ಸಣ್ಣ ಕ್ರೋಶಾ ಕಡ್ಡಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡಮ್ಮ ದಪ್ಪ ಕಡ್ಡಿ ಕೊಟ್ಟು, ಮೊದಲು ಕುಲಾವಿ ಹಾಕಿಸಿದರು. ನಮ್ಮ ಗುಂಪು ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಕಡಿಮೆ ತೂಕದ ಮಕ್ಕಳಿಗೆ ಕುಲಾವಿ, ಕಾಲುಚೀಲ ಕೊಡುತ್ತದೆ. ಅಂಥ ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಒತ್ತಿ ಮಲಗಿಸುವಾಗ ಅದರ ತಲೆ, ಪಾದ ಬೆಚ್ಚಗಿರಬೇಕು. ನನ್ನ ಕೈಯಲ್ಲಿ ಮುಗಿದ ಮೊದಲ ಕುಲಾವಿ ಅಲ್ಲಿಗೇ ಹೋಯಿತು. ಬೆರಳು ಹಿಡಿತಕ್ಕೆ ಬಂದ ಮೇಲೆ ಸ್ತನ ಹೆಣೆಯುವುದಕ್ಕೆ ಕೈ ಹಾಕಿದೆ. ಈಗ ಹಿಂಬದಿಯನ್ನು ಕೆನ್ನೆಗೆ ಒತ್ತಿ ನೋಡುವುದು ನನಗೂ ಅಭ್ಯಾಸವಾಗಿದೆ.

ದೊಡ್ಡಮ್ಮಾ, ನಿಮಗೆ ಈಗ ಕಣ್ಣು ಸರಿಯಾಗಿ ಕಾಣದಿದ್ದರೂ ಫೈಬರ್ ತುಂಬುವ ಕೆಲಸ ನೀವು ಯಾರಿಗೂ ಬಿಟ್ಟುಕೊಟ್ಟಿಲ್ಲ. ಶನಿವಾರ ಮಧ್ಯಾಹ್ನಗಳನ್ನು ನಮಗಾಗಿ ಇಟ್ಟಿದ್ದೀರಿ. ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಓಡಿಬರುವ ಅಕ್ಕಂದಿರೇ, ಸ್ವಂತ ಕಾಸಿನಲ್ಲಿ ದಾರ ತರುವವರೇ, ಯಾರಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಹೆಣೆಯುವವರೇ, ನಿಮ್ಮೆಲ್ಲರ ಕಾಲಿಗೆ ನಮಸ್ಕಾರ.

ಇದನ್ನು ಓದುತ್ತಿರುವವರಲ್ಲಿ ಆಪರೇಷನ್ ಆದ ಅಕ್ಕನೋ ತಂಗಿಯೋ ಇದ್ದರೆ, ಗಾಯ ಒಣಗಿದೆಯಾ ಅಂತ ಡಾಕ್ಟರನ್ನು ಕೇಳಿ, ಆಮೇಲೆ ಹತ್ತಿರದಲ್ಲಿ ಕ್ರೋಶಾ ಬಲ್ಲವರು ಯಾರಿದ್ದಾರೆ ಅಂತ ವಿಚಾರಿಸಿ. ನಿಮ್ಮ ಕಥೆ ಹೇಳಬೇಕಾಗಿಲ್ಲ. ಸೈಜ್ ಹೇಳಿದರೆ ಸಾಕು. ಎಡವೋ ಬಲವೋ ಅಂತ ಹೇಳುವುದೂ ಬೇಡ, ಎರಡು ಕಡೆಗೂ ಹೆಣೆಯುವುದು ಒಂದೇ ರೀತಿ. ಇಷ್ಟದ ಬಣ್ಣ ಮಾತ್ರ ಮರೆಯದೆ ಹೇಳಿ.